ಫೈಲ್ 192, ಪರದೆಯಲ್ಲಿ 48: ನೆಟ್‌ವರ್ಕ್ ಪ್ಲೇಯರ್‌ನಲ್ಲಿ ಹೈ-ರೆಸ್ ಸಂಗೀತ ಇದ್ದಂತೆಯೇ ನುಡಿಯಬೇಕಾದರೆ

ಪ್ರಶ್ನೆ: ಮನೆಯ ನ್ಯಾಸ್‌ನಲ್ಲಿ (ನೆಟ್‌ವರ್ಕ್‌ಗೆ ಜೋಡಿಸಿದ ಸಂಗ್ರಹ ಡಿಸ್ಕ್) 24 ಬಿಟ್/192 ಕಿಲೋಹರ್ಟ್ಸ್‌ನ ಫ್ಲ್ಯಾಕ್ (ನಷ್ಟವಿಲ್ಲದೆ ಸಂಕುಚಿಸಿದ) ಫೈಲ್‌ಗಳೂ, ಡಿಎಸ್‌ಡಿ 64 ಎಂಬ ಬೇರೆ ಬಗೆಯ ಧ್ವನಿರೂಪದ ಡಿಎಸ್‌ಎಫ್ ಫೈಲ್‌ಗಳೂ ಇವೆ. ನೆಟ್‌ವರ್ಕ್ ಪ್ಲೇಯರ್‌ನ ಕೈಪಿಡಿಯಲ್ಲಿ ಎರಡನ್ನೂ ‘ನೇಟಿವ್’ ಆಗಿ ನುಡಿಸುತ್ತದೆ ಎಂದು ಬರೆದಿದೆ. ಆದರೆ ಫ್ಲ್ಯಾಕ್ ಹಾಕಿದರೆ ಪರದೆಯಲ್ಲಿ ‘ಎಲ್‌ಪಿಸಿಎಂ 48’ (ಸಂಕುಚಿಸದ ಸಾದಾ ಡಿಜಿಟಲ್ ಧ್ವನಿ, 48 ಕಿಲೋಹರ್ಟ್ಸ್) ಎಂದು ಬರುತ್ತದೆ. ಡಿಎಸ್‌ಎಫ್ ಹಾಡುಗಳು ಪಟ್ಟಿಯಲ್ಲೇ ಕಾಣುವುದಿಲ್ಲ. ಒಮ್ಮೆ ಹೇಗೋ 192 ಎಂದು ತೋರಿಸಿತು, ಆಗ ವೈಫೈನಲ್ಲಿ ಹಾಡು ತಡವರಿಸಿತು. ಪ್ಲೇಯರ್ ಬದಲಿಸಬೇಕೆ?

ಉತ್ತರ: ಸದ್ಯಕ್ಕೆ ಬೇಡ. ನೀವು ಹೇಳಿದ್ದು ಒಂದಲ್ಲ, ಮೂರು ತೊಂದರೆ. ಮೊದಲ ಎರಡರ ಮೂಲ ಬಹುಮಟ್ಟಿಗೆ ನ್ಯಾಸ್‌ನೊಳಗಿನ ಸರ್ವರ್ ತಂತ್ರಾಂಶ, ಮೂರನೆಯದರ ಮೂಲ ವೈಫೈ. ಪ್ಲೇಯರ್ ಮೇಲೆ ಅನುಮಾನ ಬರುವುದು ಸಹಜ, ಏಕೆಂದರೆ ತಪ್ಪು ಅಂಕಿ ಕಾಣುವುದು ಅದರ ಪರದೆಯ ಮೇಲೆ. ಆದರೆ ಅದು ತನ್ನ ಬಾಗಿಲಿಗೆ ಬಂದದ್ದನ್ನು ಪ್ರಾಮಾಣಿಕವಾಗಿ ತೋರಿಸುತ್ತಿದೆ, ಅಷ್ಟೇ.

‘ನೇಟಿವ್’ ಎಂಬ ಮಾತನ್ನು ತಯಾರಕರು ಸಡಿಲವಾಗಿ ಬಳಸುತ್ತಾರೆ. ಫೈಲ್ ಡಿಸ್ಕ್‌ನಿಂದ ಸ್ಪೀಕರ್‌ವರೆಗೆ ಹೋಗುವಾಗ ಮೂರು ಕಡೆ ಬದಲಾಗಬಹುದು. ಸರ್ವರ್ ಅದನ್ನು ಬೇರೆ ರೂಪಕ್ಕೆ ಪರಿವರ್ತಿಸಿ ಕಳಿಸಬಹುದು. ಪ್ಲೇಯರ್ ತನ್ನೊಳಗೆ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆದಿದೆ ಎಂಬ ಅಂಕಿ) ಬದಲಿಸಬಹುದು. ಕೊನೆಗೆ ಪ್ಲೇಯರ್‌ನಿಂದ ಡ್ಯಾಕ್‌ಗೆ (ಡಿಜಿಟಲ್ ಅಂಕಿಗಳನ್ನು ಧ್ವನಿಯ ವಿದ್ಯುತ್ ಸಂಕೇತವಾಗಿಸುವ ಉಪಕರಣ) ಹೋಗುವ ಕೇಬಲ್ ಅಷ್ಟು ವೇಗವನ್ನು ತಾಳದೆ ಇರಬಹುದು. ಈ ಮೂರೂ ಕಡೆ ಫೈಲಿನ ಮೂಲ ಸ್ಯಾಂಪಲ್ ರೇಟ್ ಮತ್ತು ಬಿಟ್ ಡೆಪ್ತ್ (ಪ್ರತಿ ಅಳತೆಗೆ ಬಳಸಿದ ಬಿಟ್‌ಗಳ ಸಂಖ್ಯೆ) ಹಾಗೇ ಉಳಿದರೆ ಮಾತ್ರ ಅದು ನಿಜವಾದ ನೇಟಿವ್. ಪೆಟ್ಟಿಗೆಯ ಮೇಲಿನ ‘ಹೈ-ರೆಸ್ ಆಡಿಯೊ’ ಲಾಂಛನ ಇದಕ್ಕೆಲ್ಲ ಖಾತರಿಯಲ್ಲ. ಜಪಾನ್ ಆಡಿಯೊ ಸೊಸೈಟಿ ಅನುಮತಿಸುವ ಆ ಲಾಂಛನಕ್ಕೆ ಡಿಜಿಟಲ್ ಉಪಕರಣ 24 ಬಿಟ್/96 ಕಿಲೋಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚನ್ನು ನಿಭಾಯಿಸಬೇಕು. ನಿಮ್ಮ ಮನೆಯ ಸರ್ವರ್ ಏನು ಕಳಿಸುತ್ತದೆ ಎಂಬುದು ಅದರ ವ್ಯಾಪ್ತಿಯಲ್ಲಿಲ್ಲ.

ಮೊದಲು ಮಾಡಬೇಕಾದ ಪರೀಕ್ಷೆ ಹತ್ತು ನಿಮಿಷದ್ದು. ನಾಲ್ಕು ಫೈಲ್ ಆರಿಸಿಕೊಳ್ಳಿ: 16/44.1, 24/96 ಮತ್ತು 24/192ರ ಒಂದೊಂದು ಫ್ಲ್ಯಾಕ್, ಜೊತೆಗೆ ಒಂದು ಡಿಎಸ್‌ಎಫ್. ಇವನ್ನು ಪೆನ್‌ಡ್ರೈವ್‌ಗೆ ಹಾಕಿ ಪ್ಲೇಯರ್‌ನ ಯುಎಸ್‌ಬಿ ಕಿಂಡಿಗೆ ಚುಚ್ಚಿ ಒಂದೊಂದನ್ನೇ ನುಡಿಸಿ, ಪ್ಲೇಯರ್‌ನ ಪರದೆಯ ಅಂಕಿಯನ್ನೂ ಹೊರಗಿನ ಡ್ಯಾಕ್ ಇದ್ದರೆ ಅದರ ಅಂಕಿಯನ್ನೂ ಬರೆದಿಟ್ಟುಕೊಳ್ಳಿ. ನಂತರ ಅವೇ ನಾಲ್ಕನ್ನು ನ್ಯಾಸ್‌ನಿಂದ ನುಡಿಸಿ. ಯುಎಸ್‌ಬಿಯಲ್ಲಿ 192 ತೋರಿಸಿ ನ್ಯಾಸ್‌ನಲ್ಲಿ 48 ತೋರಿಸಿದರೆ ತಪ್ಪಿತಸ್ಥ ಸರ್ವರ್. ಎರಡರಲ್ಲೂ ಪ್ಲೇಯರ್ 192 ತೋರಿಸಿ ಡ್ಯಾಕ್ ಮಾತ್ರ 96 ಅಂದರೆ ಕೇಬಲ್ ಅಥವಾ ಪ್ಲೇಯರ್‌ನ ಔಟ್‌ಪುಟ್ ಸೆಟ್ಟಿಂಗ್ ನೋಡಬೇಕು. ಒಂದು ಎಚ್ಚರಿಕೆ ಇದೆ: ಕೆಲವು ಪ್ಲೇಯರ್‌ಗಳಲ್ಲಿ ಯುಎಸ್‌ಬಿ ಕಿಂಡಿ ಒಪ್ಪುವ ರೂಪಗಳ ಪಟ್ಟಿಯೇ ಬೇರೆ, ನೆಟ್‌ವರ್ಕ್‌ನದ್ದೇ ಬೇರೆ. ಕೈಪಿಡಿಯಲ್ಲಿ ಎರಡು ಕೋಷ್ಟಕಗಳಿರುತ್ತವೆ, ಎರಡನ್ನೂ ಓದಿ.

ಈಗ ಸರ್ವರ್ ವಿಚಾರ. ಮನೆಯ ಉಪಕರಣಗಳು ನೆಟ್‌ವರ್ಕ್‌ನಲ್ಲಿ ಸಂಗೀತ ಹಂಚಿಕೊಳ್ಳುವ ಯುಪಿಎನ್‌ಪಿ/ಡಿಎಲ್‌ಎನ್‌ಎ ವ್ಯವಸ್ಥೆಯಲ್ಲಿ ಪಾತ್ರಧಾರಿಗಳು ಮೂವರು. ಸಂಗೀತದ ಪಟ್ಟಿ ಇಟ್ಟುಕೊಂಡಿರುವ ಸರ್ವರ್, ನುಡಿಸುವ ರೆಂಡರರ್ (ನಿಮ್ಮ ಪ್ಲೇಯರ್), ಹಾಡು ಆರಿಸಲು ಬಳಸುವ ಕಂಟ್ರೋಲ್ ಪಾಯಿಂಟ್ (ಫೋನಿನ ಆ್ಯಪ್). ರೆಂಡರರ್ ತನಗೆ ಯಾವ ಯಾವ ರೂಪಗಳು ಗೊತ್ತು ಎಂಬ ಪಟ್ಟಿಯನ್ನು ಕೇಳಿದವರಿಗೆ ಕೊಡುತ್ತದೆ. ಸರ್ವರ್ ಪ್ರತಿ ಹಾಡಿಗೂ ಒಂದು ಅಥವಾ ಹಲವು ವಿಳಾಸಗಳನ್ನು ಕೊಡುತ್ತದೆ: ಮೂಲ ಫ್ಲ್ಯಾಕ್‌ಗೆ ಒಂದು, ಪರಿವರ್ತಿಸಿದ ಎಲ್‌ಪಿಸಿಎಂಗೆ ಇನ್ನೊಂದು, ಎಂಪಿ3ಗೆ ಮತ್ತೊಂದು. ಕಂಟ್ರೋಲ್ ಪಾಯಿಂಟ್ ಎರಡೂ ಪಟ್ಟಿಗಳನ್ನು ಹೊಂದಿಸಿ ಒಂದನ್ನು ಆರಿಸುತ್ತದೆ. ಎಡವುವುದು ಇಲ್ಲಿಯೇ. ಫ್ಲ್ಯಾಕ್‌ಗೆ ಎರಡು ಹೆಸರು ಚಾಲ್ತಿಯಲ್ಲಿವೆ: ‘ಆಡಿಯೊ/ಫ್ಲ್ಯಾಕ್’ ಮತ್ತು ‘ಆಡಿಯೊ/ಎಕ್ಸ್-ಫ್ಲ್ಯಾಕ್’. ಸರ್ವರ್ ಒಂದು ಹೆಸರು ಹೇಳಿ ರೆಂಡರರ್ ಇನ್ನೊಂದನ್ನು ಮಾತ್ರ ಪಟ್ಟಿ ಮಾಡಿದ್ದರೆ, ಅದೇ ಫೈಲ್ ಆದರೂ ‘ಹೊಂದಾಣಿಕೆ ಇಲ್ಲ’ ಎಂಬ ತೀರ್ಮಾನವಾಗುತ್ತದೆ. ಆಗ ಎಲ್ಲರಿಗೂ ಕಡ್ಡಾಯವಾಗಿ ಗೊತ್ತಿರಬೇಕಾದ 16 ಬಿಟ್ ಎಲ್‌ಪಿಸಿಎಂಗೆ, ಅಂದರೆ 44.1 ಅಥವಾ 48ಕ್ಕೆ ಇಳಿಯುತ್ತದೆ. ನಿಮ್ಮ ಪರದೆಯ ಮೇಲಿನ ‘ಎಲ್‌ಪಿಸಿಎಂ 48’ ಇದೇ ಜಾಡು.

ಡಿಎಸ್‌ಎಫ್‌ಗಂತೂ ಒಮ್ಮತದ ಹೆಸರೇ ಇಲ್ಲ. ಒಂದು ಸರ್ವರ್ ‘ಎಕ್ಸ್-ಡಿಎಸ್‌ಎಫ್’ ಅಂದರೆ ಮತ್ತೊಂದು ‘ಎಕ್ಸ್-ಡಿಎಸ್‌ಡಿ’ ಅನ್ನುತ್ತದೆ. ಅದಕ್ಕೂ ಮೊದಲು, ನ್ಯಾಸ್ ಜೊತೆ ಉಚಿತವಾಗಿ ಬರುವ ಹಲವು ಸರ್ವರ್‌ಗಳು ಡಿಎಸ್‌ಎಫ್ ಎಂಬ ವಿಸ್ತರಣೆಯನ್ನೇ ಗುರುತಿಸುವುದಿಲ್ಲ. ಅವುಗಳ ಕಣ್ಣಿಗೆ ಅದು ಸಂಗೀತವೇ ಅಲ್ಲ, ಹಾಗಾಗಿ ಪಟ್ಟಿಗೆ ಸೇರಿಸುವುದಿಲ್ಲ. ನಿಮ್ಮ ಎರಡನೆಯ ತೊಂದರೆಗೆ ಇದೇ ಕಾರಣವಿರಬೇಕು.

ಆದ್ದರಿಂದ ಕೆಲಸ ಶುರುವಾಗಬೇಕಾದ್ದು ಸರ್ವರ್‌ನ ಸೆಟ್ಟಿಂಗ್ ಪುಟದಿಂದ. ‘ಟ್ರಾನ್ಸ್‌ಕೋಡಿಂಗ್’ ಅಥವಾ ‘ಆಡಿಯೊ ಪರಿವರ್ತನೆ’ ಎಂಬ ಭಾಗ ಹುಡುಕಿ, ಫ್ಲ್ಯಾಕ್, ಅಲ್ಯಾಕ್, ಎಐಎಫ್‌ಎಫ್, ವೇವ್ ಇವುಗಳ ಎದುರಿನ ಗುರುತು ತೆಗೆಯಿರಿ. ‘ಉಪಕರಣದ ಪ್ರೊಫೈಲ್’ ಎಂಬ ಆಯ್ಕೆ ಇದ್ದರೆ, ನಿಮ್ಮ ಪ್ಲೇಯರ್ ಅಲ್ಲಿ ‘ಸಾಮಾನ್ಯ’ ಎಂದು ದಾಖಲಾಗಿರುವ ಸಾಧ್ಯತೆ ಹೆಚ್ಚು. ಗುರುತು ಸಿಗದ ಉಪಕರಣವನ್ನು ಸರ್ವರ್‌ಗಳು ಹಳೇ ಟಿವಿಯಂತೆ ನಡೆಸಿಕೊಳ್ಳುತ್ತವೆ. ಪ್ರೊಫೈಲ್ ಬದಲಿಸಿ, ಇಲ್ಲವೇ ಪರಿವರ್ತನೆ ಮಾಡದ ಪ್ರೊಫೈಲ್ ಆರಿಸಿ. ಆಮೇಲೆ ಸರ್ವರ್ ಮರುಚಾಲನೆ, ಗ್ರಂಥಾಲಯದ ಪೂರ್ತಿ ಮರುಸ್ಕ್ಯಾನ್, ಫೋನಿನ ಆ್ಯಪ್ ಪೂರ್ತಿ ಮುಚ್ಚಿ ಮತ್ತೆ ತೆರೆಯುವುದು, ಈ ಮೂರನ್ನೂ ಮಾಡಿ. ಆ್ಯಪ್ ಹಳೆಯ ವಿಳಾಸಗಳನ್ನು ನೆನಪಿಟ್ಟುಕೊಂಡಿರುತ್ತದೆ. ಎಲ್ಲ ಸರಿ ಮಾಡಿದರೂ ಏನೂ ಬದಲಾಗಲಿಲ್ಲ ಎಂದು ಕೈಚೆಲ್ಲುವವರಲ್ಲಿ ಅನೇಕರು ಈ ಮೂರನೆಯದನ್ನು ಬಿಟ್ಟಿರುತ್ತಾರೆ.

ಬದಲಾಯಿತೋ ಇಲ್ಲವೋ ತಿಳಿಯಲು ಆ್ಯಪ್‌ನಲ್ಲಿ ಹಾಡಿನ ವಿವರ ತೆರೆದು ವಿಳಾಸದ ಕೊನೆಯನ್ನು ನೋಡಿ. ಅದು ‘.ಫ್ಲ್ಯಾಕ್’ನಲ್ಲಿ ಕೊನೆಗೊಂಡರೆ ಮೂಲ ಫೈಲೇ ಹೋಗುತ್ತಿದೆ. ‘.ವೇವ್’ ಅಥವಾ ‘ಎಲ್16’ (16 ಬಿಟ್ ಎಲ್‌ಪಿಸಿಎಂ) ಕಂಡರೆ ಪರಿವರ್ತನೆ ಇನ್ನೂ ನಡೆಯುತ್ತಿದೆ. ಬಬಲ್ ಯುಪಿಎನ್‌ಪಿಯಂಥ ಆ್ಯಪ್‌ಗಳಲ್ಲಿ ಇದು ಸುಲಭವಾಗಿ ಕಾಣುತ್ತದೆ.

ನ್ಯಾಸ್‌ನ ಸರ್ವರ್ ಬಗ್ಗದಿದ್ದರೆ ಬೇರೆಯದನ್ನು ಹಾಕಿ. ಮಿನಿ ಡಿಎಲ್‌ಎನ್‌ಎ ಪರಿವರ್ತನೆಯನ್ನೇ ಮಾಡುವುದಿಲ್ಲ. ಅದರ ಸೋಮಾರಿತನವೇ ಇಲ್ಲಿ ಗುಣ. ಅಸೆಟ್ ಯುಪಿಎನ್‌ಪಿಯಲ್ಲಿ ಪ್ರತಿ ರೂಪಕ್ಕೂ ‘ಇದ್ದಂತೆ ಕಳಿಸು’ ಅಥವಾ ‘ವೇವ್ ಮಾಡಿ ಕಳಿಸು’ ಎಂದು ಪ್ರತ್ಯೇಕವಾಗಿ ಹೇಳಬಹುದು. ಮಿನಿಮ್ ಸರ್ವರ್‌ನಲ್ಲಿ ನೀವು ಕೇಳದ ಹೊರತು ಪರಿವರ್ತನೆ ಇಲ್ಲ. ಕೇಳಿದರೆ ಫ್ಲ್ಯಾಕನ್ನು 24 ಬಿಟ್ ವೇವ್ ಆಗಿಯೋ, ಡಿಎಸ್‌ಎಫನ್ನು ಡಾಪ್ (ಡಿಎಸ್‌ಡಿಯನ್ನು ಪಿಸಿಎಂ ಡಬ್ಬಿಯಲ್ಲಿ ಸಾಗಿಸುವ ವಿಧಾನ) ತುಂಬಿದ ವೇವ್ ಆಗಿಯೋ ಕಳಿಸುತ್ತದೆ. ಈ ಕೊನೆಯದು ಯಾಕೆ ಬೇಕಾಗುತ್ತದೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಇಲ್ಲೊಂದು ಮಾತು ಹೇಳಲೇಬೇಕು, ಏಕೆಂದರೆ ಪರಿವರ್ತನೆ ಎಂದರೆ ಹೌಹಾರುವವರು ಹೆಚ್ಚು. ಫ್ಲ್ಯಾಕನ್ನು ಅದೇ ಬಿಟ್ ಡೆಪ್ತ್, ಅದೇ ಸ್ಯಾಂಪಲ್ ರೇಟ್‌ನ ವೇವ್ ಮಾಡಿ ಕಳಿಸಿದರೆ ಒಂದು ಬಿಟ್ ಕೂಡ ಕಳೆಯುವುದಿಲ್ಲ. ಗಂಟು ಬಿಚ್ಚಿದ ಹಾಗೆ ಅಷ್ಟೇ. ಫ್ಲ್ಯಾಕ್ ಫೈಲಿನೊಳಗೆ ಮೂಲ ಧ್ವನಿಯ ಎಂಡಿ5 ಮೊತ್ತ (ಅದರ ಬೆರಳಚ್ಚಿನಂಥ ಅಂಕಿ) ಇರುತ್ತದೆ, ಬಿಚ್ಚಿದ ಮೇಲೆ ಅದಕ್ಕೆ ಹೋಲಿಸಿ ಖಚಿತ ಮಾಡಿಕೊಳ್ಳಬಹುದು. ಹೆದರಬೇಕಾದ್ದು ಸ್ಯಾಂಪಲ್ ರೇಟ್ ಬದಲಾದಾಗ, ಅದರಲ್ಲೂ 44.1ರ ಕುಲದ್ದನ್ನು (88.2, 176.4) 48ರ ಕುಲಕ್ಕೆ ಎಳೆದಾಗ, ಮತ್ತು 24 ಬಿಟ್ ಅನ್ನು 16ಕ್ಕೆ ಕತ್ತರಿಸಿದಾಗ. ಹಾಗಾಗಿ ‘ವೇವ್ 24/192’ ಎಂದು ಪರದೆ ತೋರಿಸಿದರೆ ನೆಮ್ಮದಿಯಿಂದ ಕೇಳಿ. ಅದರ ಬೆಲೆ ನೆಟ್‌ವರ್ಕ್ ಮೇಲೆ ಬೀಳುವ ಹೆಚ್ಚಿನ ಹೊರೆ ಮಾತ್ರ.

ಡಿಎಸ್‌ಡಿ ಬೇರೆಯೇ ಜಾತಿ. ಪಿಸಿಎಂನಲ್ಲಿ ಪ್ರತಿ ಸ್ಯಾಂಪಲ್ ಒಂದು ಎತ್ತರದ ಅಳತೆ. ಡಿಎಸ್‌ಡಿಯಲ್ಲಿ ಸೆಕೆಂಡಿಗೆ 28,22,400 ಸಲ ಬರುವ ಒಂದೊಂದೇ ಬಿಟ್, ಅಂದರೆ ಸಿಡಿಯ 44,100ರ 64 ಪಟ್ಟು. ಡಿಎಸ್‌ಡಿ 64 ಎಂಬ ಹೆಸರು ಬಂದದ್ದು ಹೀಗೆ. ಇದನ್ನು ಸಾಗಿಸಲು ಎರಡು ದಾರಿ. ಒಂದು, ಡ್ಯಾಕ್‌ಗೆ ಬಿಟ್‌ಗಳನ್ನು ನೇರವಾಗಿ ಕೊಡುವುದು. ಇನ್ನೊಂದು ಡಾಪ್: 24 ಬಿಟ್‌ನ ಪಿಸಿಎಂ ಡಬ್ಬಿಯಲ್ಲಿ 16 ಬಿಟ್ ಡಿಎಸ್‌ಡಿ ತುಂಬಿ, ಉಳಿದ 8 ಬಿಟ್‌ನಲ್ಲಿ ‘ಇದು ಡಿಎಸ್‌ಡಿ’ ಎಂಬ ಗುರುತು ಹಾಕುವುದು. ಆ ಗುರುತು ಷೋಡಶಮಾನದಲ್ಲಿ ಒಮ್ಮೆ 05, ಮುಂದಿನ ಸಲ ಎಫ್‌ಎ, ಹೀಗೆ ಅದಲುಬದಲಾಗುತ್ತ ಹೋಗುತ್ತದೆ. ಡಿಎಸ್‌ಡಿ 64ಕ್ಕೆ ಡಬ್ಬಿಯ ವೇಗ 176.4 ಕಿಲೋಹರ್ಟ್ಸ್, ಡಿಎಸ್‌ಡಿ 128ಕ್ಕೆ 352.8. ಡಾಪ್ ಕೂಡ ಬಿಟ್‌ಗಳನ್ನು ಬದಲಿಸುವುದಿಲ್ಲ, ಆದ್ದರಿಂದ ‘ಡಾಪ್ ನೇಟಿವ್ ಅಲ್ಲ’ ಎಂಬ ಜಗಳಕ್ಕೆ ತಿರುಳಿಲ್ಲ. ಡಬ್ಬಿ ಬದಲಾಯಿತೇ ಹೊರತು ಒಳಗಿನ ಪದಾರ್ಥವಲ್ಲ.

ಆದರೆ ಡಾಪ್ ತುಂಬ ನಾಜೂಕು. ದಾರಿಯಲ್ಲಿ ಯಾರಾದರೂ ವಾಲ್ಯೂಮ್ ಒಂದಿಷ್ಟು ಇಳಿಸಿದರೂ, ಈಕ್ವಲೈಸರ್, ರೀಪ್ಲೇಗೇನ್ (ಹಾಡುಗಳ ಸದ್ದಿನ ಮಟ್ಟ ಸಮ ಮಾಡುವ ಸೌಲಭ್ಯ), ಕ್ರಾಸ್‌ಫೇಡ್, ರೀಸ್ಯಾಂಪಲ್ ಯಾವುದಾದರೂ ಮುಟ್ಟಿದರೂ ಗುರುತು ಅಳಿಸಿಹೋಗುತ್ತದೆ. ಆಗ ಡ್ಯಾಕ್ ಅದನ್ನು ಸಾಮಾನ್ಯ ಪಿಸಿಎಂ ಎಂದುಕೊಂಡು ನುಡಿಸುತ್ತದೆ, ಸಂಗೀತದ ಬದಲು ಸುಯ್ ಎನ್ನುವ ಸದ್ದು ಬರುತ್ತದೆ. ಡಿಎಸ್‌ಡಿ ಹಾಕಿದಾಗ ಬರೀ ಸುಯ್‌ಗುಟ್ಟಿದರೆ ಡ್ಯಾಕ್ ಕೆಟ್ಟಿಲ್ಲ. ಪ್ಲೇಯರ್‌ನ ವಾಲ್ಯೂಮ್ ‘ಫಿಕ್ಸೆಡ್’ ಮಾಡಿ, ಮೇಲೆ ಹೇಳಿದ್ದನ್ನೆಲ್ಲ ಆಫ್ ಮಾಡಿ. ಆದರೆ ಫಿಕ್ಸೆಡ್ ಮಾಡಿದ ಕ್ಷಣ ಔಟ್‌ಪುಟ್ ಪೂರ್ತಿ ಮಟ್ಟಕ್ಕೆ ಏರುತ್ತದೆ. ಡ್ಯಾಕ್ ನೇರವಾಗಿ ಪವರ್ ಆಂಪ್ಲಿಫೈಯರ್‌ಗೆ ಜೋಡಿಸಿದ್ದರೆ ಈ ಪ್ರಯೋಗ ಮಾಡಲೇಬೇಡಿ. ಆಂಪ್ಲಿಫೈಯರ್‌ಗೆ ವಾಲ್ಯೂಮ್ ಗುಂಡಿ ಇದ್ದರೆ ಮೊದಲು ಅದನ್ನು ತಗ್ಗಿಸಿ, ಆಮೇಲೆ ಹಾಡು ಹಾಕಿ.

ಮಿನಿಮ್ ಸರ್ವರ್‌ನ ಡಾಪ್ ವೇವ್ ಉಪಯೋಗಕ್ಕೆ ಬರುವುದು ಪ್ಲೇಯರ್‌ಗೆ ಡಿಎಸ್‌ಎಫ್ ಗೊತ್ತಿಲ್ಲದೆ, ಅದರ ಹಿಂದಿನ ಡ್ಯಾಕ್‌ಗೆ ಡಾಪ್ ಗೊತ್ತಿದ್ದಾಗ. ಪ್ಲೇಯರ್ ಅದನ್ನು 24/176.4ರ ವೇವ್ ಎಂದುಕೊಂಡು ಮುಟ್ಟದೆ ದಾಟಿಸುತ್ತದೆ, ಡ್ಯಾಕ್ ಗುರುತು ನೋಡಿ ಡಿಎಸ್‌ಡಿಗೆ ತಿರುಗುತ್ತದೆ. ನೆಟ್‌ವರ್ಕ್ ಮೇಲೆ 5.6 ಮೆಗಾಬಿಟ್ ಇದ್ದದ್ದು 8.5 ಆಗುತ್ತದೆ, ಅಷ್ಟೇ ವ್ಯತ್ಯಾಸ.

ಡಿಎಸ್‌ಡಿಯ ಎರಡು ಫೈಲ್ ರೂಪಗಳಲ್ಲಿ ಡಿಎಸ್‌ಎಫನ್ನೇ ಇಟ್ಟುಕೊಳ್ಳಿ. ಅದರಲ್ಲಿ ಐಡಿ3 ಟ್ಯಾಗ್‌ಗೆ ಜಾಗವಿದೆ, ಕಲಾವಿದರ ಹೆಸರು, ಆಲ್ಬಂ, ಚಿತ್ರ ಎಲ್ಲ ಉಳಿಯುತ್ತವೆ. ಡಿಎಫ್‌ಎಫ್‌ನಲ್ಲಿ ಟ್ಯಾಗ್‌ಗೆ ಸರಿಯಾದ ಏರ್ಪಾಡಿಲ್ಲ, ಹಾಡುಗಳು ‘ಅಜ್ಞಾತ ಕಲಾವಿದ’ರ ಗುಂಪಿಗೆ ಬೀಳುತ್ತವೆ. ಜೊತೆಗೆ ಡಿಎಫ್‌ಎಫ್ ಒಳಗೆ ಡಿಎಸ್‌ಟಿ ಎಂಬ ಸಂಕುಚನ ಇರಬಹುದು. ಅದನ್ನು ಬಿಚ್ಚಲು ಗೊತ್ತಿಲ್ಲದ ಪ್ಲೇಯರ್‌ಗಳೇ ಹೆಚ್ಚು, ಅವು ಹಾಡನ್ನು ಸುಮ್ಮನೆ ದಾಟಿ ಮುಂದಕ್ಕೆ ಹೋಗುತ್ತವೆ.

ಡಿಎಸ್‌ಡಿ ಶುರುವಾಗುವಾಗ, ನಿಲ್ಲುವಾಗ ‘ಟಪ್’ ಎಂದರೆ ಗಾಬರಿ ಬೇಡ. ಪಿಸಿಎಂನಲ್ಲಿ ಸೊನ್ನೆ ಎಂದರೆ ಮೌನ. ಡಿಎಸ್‌ಡಿಯಲ್ಲಿ ಹಾಗಲ್ಲ, ಸಾಲು ಸಾಲು ಸೊನ್ನೆ ಎಂದರೆ ಋಣ ದಿಕ್ಕಿನ ತುತ್ತತುದಿ. ಡಿಎಸ್‌ಎಫ್ ಫೈಲ್ ಪ್ರತಿ ಚಾನೆಲ್‌ಗೂ 4,096 ಬೈಟ್‌ನ ತುಂಡುಗಳಲ್ಲಿ ಇರುತ್ತದೆ. ಕೊನೆಯ ತುಂಡಿನ ಖಾಲಿ ಜಾಗ ಸೊನ್ನೆಗಳಿಂದ ತುಂಬಿರುತ್ತದೆ. ಪ್ಲೇಯರ್ ಅದನ್ನೂ ನುಡಿಸಿಬಿಟ್ಟರೆ ಟಪ್. ಪಿಸಿಎಂ ಹಾಡಿನಿಂದ ಡಿಎಸ್‌ಡಿ ಹಾಡಿಗೆ ಜಿಗಿಯುವಾಗಲೂ ಡ್ಯಾಕ್ ಒಳಗೆ ಸ್ವಿಚ್ ಬದಲಾಗಿ ಸದ್ದು ಬರಬಹುದು. ಹಲವು ಪ್ಲೇಯರ್‌ಗಳಲ್ಲಿ ಈ ಬದಲಾವಣೆಗೆ ಮೊದಲು ಕ್ಷಣ ಕಾಯುವ ಸೆಟ್ಟಿಂಗ್ ಇದೆ, ಅದನ್ನು ಒಂದು ಸೆಕೆಂಡಿನವರೆಗೆ ಹೆಚ್ಚಿಸಿ ನೋಡಿ.

ಡಿಎಸ್‌ಡಿಯನ್ನು ಪಿಸಿಎಂ ಮಾಡಿಯೇ ಇಟ್ಟುಕೊಳ್ಳುತ್ತೇನೆ ಎನ್ನುವುದಾದರೆ ಅದೇನೂ ಅಪರಾಧವಲ್ಲ. ವಾಲ್ಯೂಮ್ ಅಥವಾ ಫಿಲ್ಟರ್ ಕೆಲಸಕ್ಕಾಗಿ ಅನೇಕ ಡ್ಯಾಕ್ ಚಿಪ್‌ಗಳು ಒಳಗೆ ಅದನ್ನೇ ಮಾಡುತ್ತವೆ. 24 ಬಿಟ್‌ನಲ್ಲಿ 176.4 ಅಥವಾ 88.2ಕ್ಕೆ ಮಾಡಿ, 192ಕ್ಕೆ ಬೇಡ. 28,22,400 ಅನ್ನು 16ರಿಂದ ಅಥವಾ 32ರಿಂದ ಭಾಗಿಸಿದರೆ ಶೇಷವಿಲ್ಲದೆ ಬರುವ ಅಂಕಿಗಳು ಇವೇ. ಮಟ್ಟ ಸುಮಾರು 6 ಡೆಸಿಬೆಲ್ ಕಡಿಮೆ ಕೇಳಿಸುತ್ತದೆ. ಅದನ್ನು ಕುರುಡಾಗಿ ಏರಿಸಿದರೆ ಕೆಲವು ಧ್ವನಿಮುದ್ರಣಗಳಲ್ಲಿ ಶಿಖರಗಳು ಕತ್ತರಿಸಿಹೋಗುತ್ತವೆ, ಆದ್ದರಿಂದ ಮೊದಲು ಇಡೀ ಆಲ್ಬಂನ ಶಿಖರ ಅಳೆದು ನೋಡಿ.

ಇನ್ನು ಪ್ಲೇಯರ್ ಒಳಗಿನ ಮತ್ತು ಅದರಾಚೆಯ ದಾರಿ. ಆಪ್ಟಿಕಲ್ ಕೇಬಲ್ ಬಳಸುತ್ತಿದ್ದರೆ 96ರವರೆಗೆ ನಂಬಿ. 192 ಕೆಲವು ಜೋಡಿಗಳಲ್ಲಿ ಬರುತ್ತದೆ, ಕೆಲವಲ್ಲಿ ಬರುವುದಿಲ್ಲ. ಕೊಆಕ್ಸಿಯಲ್ 192ಕ್ಕೆ ವಾಸಿ. ಯುಎಸ್‌ಬಿಯಲ್ಲಿ ಡ್ಯಾಕ್ ಮೊದಲನೆಯ ಆಡಿಯೊ ವರ್ಗಕ್ಕೆ ಸೇರಿದ್ದರೆ 24/96 ಮಿತಿ, 192 ಮತ್ತು ಡಾಪ್‌ಗೆ ಎರಡನೆಯ ವರ್ಗ ಬೇಕು. ಕೆಲವು ಡ್ಯಾಕ್‌ಗಳ ಹಿಂಬದಿಯಲ್ಲಿ ಇವೆರಡರ ನಡುವೆ ಬದಲಿಸುವ ಸ್ವಿಚ್ ಇರುತ್ತದೆ, ಮೊದಲು ಅದನ್ನು ನೋಡಿ.

ಪ್ಲೇಯರ್ ಲಿನಕ್ಸ್ ಆಧಾರಿತವಾಗಿದ್ದು ವೊಲ್ಯೂಮಿಯೊ ಅಥವಾ ಮೂಡ್‌ನಂಥ ತಂತ್ರಾಂಶ ಇದ್ದರೆ ಒಳಗೆ ನುಡಿಸುವುದು ಎಂಪಿಡಿ ಎಂಬ ತಂತ್ರಾಂಶ. ಅಲ್ಲಿ ಔಟ್‌ಪುಟ್ ಉಪಕರಣ ‘ಡಿಫಾಲ್ಟ್’ ಎಂದಿದ್ದರೆ ಎಲ್ಲ ಹಾಡೂ ಮಿಕ್ಸರ್ ಮೂಲಕ ಹಾದು 48 ಆಗಿಬಿಡಬಹುದು. ‘ಎಚ್‌ಡಬ್ಲ್ಯು’ ಎಂದು ಶುರುವಾಗುವ ನೇರ ಹೆಸರು ಕೊಡಿ, ಮಿಕ್ಸರ್ ವಿಧವನ್ನು ‘ನನ್’ ಮಾಡಿ, ಆಟೊ ರೀಸ್ಯಾಂಪಲ್ ಬೇಡ ಅನ್ನಿ, ಡಾಪ್ ಬೇಕಿದ್ದರೆ ‘ಎಸ್’ ಮಾಡಿ. ಹಾಡು ನುಡಿಯುತ್ತಿರುವಾಗಲೇ ಸಿಸ್ಟಮ್‌ನ ‘ಪ್ರಾಕ್’ ಫೋಲ್ಡರ್‌ನೊಳಗೆ ‘ಅಸೌಂಡ್’, ಅದರೊಳಗೆ ಕಾರ್ಡ್‌ನ ಉಪಫೋಲ್ಡರ್‌ಗಳಲ್ಲಿರುವ ‘ಎಚ್‌ಡಬ್ಲ್ಯು ಪ್ಯಾರಮ್ಸ್’ ಎಂಬ ಫೈಲ್ ಓದಿ. ಡ್ಯಾಕ್‌ಗೆ ಆ ಕ್ಷಣ ಹೋಗುತ್ತಿರುವ ಸ್ಯಾಂಪಲ್ ರೇಟ್ ಅಲ್ಲಿ ಇರುತ್ತದೆ. ಪರದೆ ಏನೇ ಹೇಳಲಿ, ಲಿನಕ್ಸ್‌ನಲ್ಲಿ ನಂಬಬೇಕಾದ್ದು ಈ ಅಂಕಿಯನ್ನು.

ಫೈಲೇ ಹುಳುಕಾಗಿರುವುದೂ ಉಂಟು. ಒಂದೇ ಆಲ್ಬಂನ ಒಂದೆರಡು ಹಾಡು ಮಾತ್ರ ನುಡಿಯದಿದ್ದರೆ ಸೆಟ್ಟಿಂಗ್ ಬಿಟ್ಟು ಫೈಲ್ ನೋಡಿ. ಫ್ಲ್ಯಾಕ್ ಫೈಲಿನ ಮುಂಭಾಗದಲ್ಲಿ ಯಾವುದೋ ಟ್ಯಾಗ್ ತಂತ್ರಾಂಶ ಐಡಿ3 ಅಂಟಿಸಿದ್ದರೆ ಕೆಲವು ಪ್ಲೇಯರ್‌ಗಳು ಇದು ಫ್ಲ್ಯಾಕೇ ಅಲ್ಲ ಎನ್ನುತ್ತವೆ. ಐಡಿ3 ತೆಗೆದು ಫ್ಲ್ಯಾಕ್‌ನ ಸ್ವಂತ ಟ್ಯಾಗ್ ಉಳಿಸಿ. ಒಳಗೆ ಹುದುಗಿಸಿದ ಮುಖಚಿತ್ರ ಹಲವು ಮೆಗಾಬೈಟ್ ಇದ್ದರೆ ಹಾಡು ಶುರುವಾಗಲು ತಡ, ಕೆಲವೊಮ್ಮೆ ಶುರುವೇ ಇಲ್ಲ. 1000 ಪಿಕ್ಸೆಲ್ ಚೌಕದ ಸಾದಾ ಜೆಪೆಗ್ ಸಾಕು, ಪ್ರೊಗ್ರೆಸಿವ್ ಜೆಪೆಗ್ ಬೇಡ. 32 ಬಿಟ್ ಫ್ಲ್ಯಾಕ್‌ಗೆ ಎನ್‌ಕೋಡರ್‌ನಲ್ಲಿ ಬೆಂಬಲ ಬಂದದ್ದು 2022ರ 1.4 ಆವೃತ್ತಿಯಲ್ಲಿ, ಅದಕ್ಕಿಂತ ಹಳೆಯ ಪ್ಲೇಯರ್‌ಗಳು ಅದನ್ನು ಬಿಚ್ಚಲಾರವು. ವೇವ್‌ಗೆ 4 ಗಿಗಾಬೈಟ್ ಮಿತಿ ಇದೆ. 24/192 ಸ್ಟೀರಿಯೊದಲ್ಲಿ ಅದು ಸುಮಾರು 62 ನಿಮಿಷ, ಹಾಗಾಗಿ ಇಡೀ ಕಛೇರಿಯನ್ನು ಒಂದೇ ವೇವ್ ಮಾಡಿದರೆ ಕೊನೆ ಕತ್ತರಿಸಿಹೋಗಬಹುದು. ಎಂ4ಎ ಎಂಬ ವಿಸ್ತರಣೆ ನೋಡಿ ನಷ್ಟವಿಲ್ಲದ ಅಲ್ಯಾಕ್ ಎಂದು ನಂಬಬೇಡಿ, ಅದೇ ಡಬ್ಬಿಯಲ್ಲಿ ನಷ್ಟವಿರುವ ಎಎಸಿಯೂ ಇರುತ್ತದೆ. ಸ್ಪೆಕ್ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ 192 ಫೈಲುಗಳನ್ನೂ ಒಮ್ಮೆ ತೆರೆದು ನೋಡಿ. ಧ್ವನಿಯ ಚಿತ್ರ 22 ಕಿಲೋಹರ್ಟ್ಸ್‌ಗೆ ಗೋಡೆ ಕಟ್ಟಿದಂತೆ ನಿಂತು, ಮೇಲೆ 96ರವರೆಗೆ ಬರೀ ಕಪ್ಪು ಇದ್ದರೆ, ಅದು ಸಿಡಿಯನ್ನೇ ಉಬ್ಬಿಸಿದ ಫೈಲ್ ಆಗಿರುವ ಸಂಭವ ಹೆಚ್ಚು. ಅದಕ್ಕಾಗಿ ಇಷ್ಟೆಲ್ಲ ಒದ್ದಾಡುವ ಅಗತ್ಯವಿಲ್ಲ.

ಫೋನಿನಿಂದ ಪ್ಲೇಯರ್‌ಗೆ ಬ್ಲೂಟೂತ್‌ನಲ್ಲಿ ಕಳಿಸಿದರೆ ನೇಟಿವ್ ಮಾತೇ ಬರುವುದಿಲ್ಲ. ಮೂಲ ಏರ್‌ಪ್ಲೇ 16/44.1ಕ್ಕೆ ನಿಲ್ಲುತ್ತದೆ, ಕ್ರೋಮ್‌ಕಾಸ್ಟ್ 24/96ಕ್ಕೆ. ಸೋನೋಸ್‌ನ ಎಸ್2 ವ್ಯವಸ್ಥೆಯ ಮಿತಿ 24/48. ಇವನ್ನು ಬಳಸುತ್ತ 192 ಏಕೆ ಬರುತ್ತಿಲ್ಲ ಎಂದು ಸರ್ವರ್ ಕೆದಕಿ ಪ್ರಯೋಜನವಿಲ್ಲ.

ಉಳಿದದ್ದು ತಡವರಿಕೆ. 24/192 ಸ್ಟೀರಿಯೊ ಬಿಚ್ಚಿದ ರೂಪದಲ್ಲಿ ಸೆಕೆಂಡಿಗೆ 9.2 ಮೆಗಾಬಿಟ್, ಫ್ಲ್ಯಾಕ್ ಆಗಿ ಸಾಮಾನ್ಯವಾಗಿ 5ರಿಂದ 6. ಡಿಎಸ್‌ಡಿ 256 ಕೂಡ 22.6 ಮಾತ್ರ. 100 ಮೆಗಾಬಿಟ್‌ನ ಸಾಧಾರಣ ಈಥರ್ನೆಟ್ ತಂತಿ ಇದನ್ನೆಲ್ಲ ಲೀಲಾಜಾಲವಾಗಿ ಹೊರುತ್ತದೆ, ದುಬಾರಿ ಕೇಬಲ್ ಬೇಕಿಲ್ಲ. ವೈಫೈನಲ್ಲಿ ಸರಾಸರಿ ವೇಗ ಸಾಕಷ್ಟಿದ್ದರೂ ನಡುನಡುವೆ ಅರೆಕ್ಷಣ ನಿಂತುಹೋಗುವುದೇ ತೊಂದರೆ, ಪ್ಲೇಯರ್‌ನ ಬಫರ್ ಚಿಕ್ಕದಿದ್ದರೆ ಹಾಡು ತಡವರಿಸುತ್ತದೆ. ನ್ಯಾಸ್ ಕೂಡ ವೈಫೈನಲ್ಲೇ ಇದ್ದರೆ ಅದೇ ಗಾಳಿಯಲ್ಲಿ ಪ್ರತಿ ಬಿಟ್ ಎರಡು ಸಲ ಸಾಗಬೇಕು. ಮೊದಲು ನ್ಯಾಸನ್ನು ರೂಟರ್‌ಗೆ ತಂತಿಯಲ್ಲಿ ಜೋಡಿಸಿ, ಹೆಚ್ಚಿನವರಿಗೆ ಅಷ್ಟರಲ್ಲೇ ಗುಣವಾಗುತ್ತದೆ. ಆಗದಿದ್ದರೆ ಪ್ಲೇಯರ್‌ಗೂ ತಂತಿ. ತಂತಿ ಎಳೆಯಲು ಆಗದಿದ್ದರೆ ಪ್ಲೇಯರನ್ನು 2.4ರಿಂದ 5 ಗಿಗಾಹರ್ಟ್ಸ್‌ಗೆ ಬದಲಿಸಿ, ಮತ್ತು ಸರ್ವರ್‌ನಿಂದ ವೇವ್ ಬದಲು ಫ್ಲ್ಯಾಕ್ ಆಗಿಯೇ ಕಳಿಸಿ. ಹೊರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.